ಲೆಕ್ಕ ಒಪ್ಪಿಸದವನಿಗೆ ಪದವಿಯಿಲ್ಲ

(ಚೆನ್ನೈನ ಮಾಧವರಂನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರೋಮನ್ನರ ಹಿರಿಮೆಯನ್ನು ಅವರ ಸೈನ್ಯದಲ್ಲಿ, ರಸ್ತೆಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಗಣರಾಜ್ಯದ ಕಾಲದ ರೋಮ್ ಅಧಿಕಾರವನ್ನು ಶಂಕೆಯಿಂದ ಕಂಡ ರಾಜ್ಯ. ಅರಸರನ್ನು ಓಡಿಸಿದ ಮೇಲೆ ಆ ಜನರು ಒಬ್ಬನಿಗೆ ಬದಲಾಗಿ ಇಬ್ಬರು ಕಾನ್ಸುಲರನ್ನು ಆರಿಸಿದರು. ಅವಧಿ ಒಂದೇ ವರ್ಷ. ಒಬ್ಬನ ಆಜ್ಞೆಯನ್ನು ಇನ್ನೊಬ್ಬನು ತಡೆಯಬಹುದಾಗಿತ್ತು. ಬೊಕ್ಕಸವು ಸ್ಯಾಟರ್ನ್ ದೇವನ ಗುಡಿಯಲ್ಲಿತ್ತು; ಅದರ ಲೆಕ್ಕವನ್ನು ಕ್ವೆಸ್ಟರ್ ಎಂಬ ಅಧಿಕಾರಿಗಳು ನೋಡುತ್ತಿದ್ದರು.

ಈ ಎಚ್ಚರವೆಲ್ಲ ನಗರದೊಳಗೆ. ಕ್ರಿ.ಪೂ. 241ರಲ್ಲಿ ಸಿಸಿಲಿ ಕೈಸೇರಿ ಮೊದಲ ಪ್ರಾಂತ್ಯವಾಯಿತು. ಮುಂದೆ ಇಂತಹ ಪ್ರಾಂತ್ಯಗಳಿಗೆ ಹೋದ ಅಧಿಕಾರಿಯೇ ಸೇನಾಪತಿ, ಅವನೇ ನ್ಯಾಯಾಧೀಶ, ತಡೆಯಲು ಜೊತೆಗಾರನಿರಲಿಲ್ಲ. ಸುಲಿಗೆ ಮಿತಿಮೀರಿದಾಗ ಕ್ರಿ.ಪೂ. 149ರಲ್ಲಿ ಅದರ ವಿಚಾರಣೆಗೆಂದೇ ಕಾಯಂ ನ್ಯಾಯಾಲಯ ಸ್ಥಾಪನೆಯಾಯಿತು.

ಕ್ರಿ.ಪೂ. 70ರಲ್ಲಿ ಸಿಸೆರೊ ಅಲ್ಲಿಗೆ ಎಳೆದದ್ದು ಸಿಸಿಲಿಯನ್ನು ಮೂರು ವರ್ಷ ಆಳಿದ ವೆರ್ರೆಸ್‌ನನ್ನು. ಅವನು ಹಿಂದೆ ಕ್ವೆಸ್ಟರ್ ಆಗಿದ್ದಾಗ ಒಪ್ಪಿಸಿದ ಲೆಕ್ಕವನ್ನೂ ಸಿಸೆರೊ ಎತ್ತಿ ತೋರಿಸಿದ. ಬಂದದ್ದು 22,35,417 ಸೆಸ್ಟರ್ಸ್. ಸಂಬಳ, ಧಾನ್ಯ, ಸಿಬ್ಬಂದಿ ಎಲ್ಲ ಸೇರಿ ಖರ್ಚು 16,35,417. ಅರಿಮಿನಮ್ ಊರಿನಲ್ಲಿ ಬಿಟ್ಟುಬಂದದ್ದು 6,00,000. ಕೂಡಿ ನೋಡಿ, ಒಂದು ಕಾಸೂ ವ್ಯತ್ಯಾಸವಿಲ್ಲ! ಆದರೆ ಯಾರಿಗೆ ಎಷ್ಟು, ಯಾವ ದಿನ ಎಂಬ ವಿವರ ಒಂದೂ ಇಲ್ಲ. ಅರಿಮಿನಮ್ ಅಂತರ್ಯುದ್ಧದಲ್ಲಿ ಲೂಟಿಯಾದುದರಿಂದ ಹಣ ಅಲ್ಲಿತ್ತೇ ಎಂದು ನೋಡುವ ದಾರಿಯೂ ಉಳಿದಿರಲಿಲ್ಲ. ವೆರ್ರೆಸ್ ತೀರ್ಪಿಗೆ ಕಾಯದೆ ಮಸಿಲಿಯಾಕ್ಕೆ ಹೊರಟುಹೋದ. ಕ್ರಿ.ಪೂ. 59ರ ಜೂಲಿಯನ್ ಕಾನೂನು, ಪ್ರಾಂತ್ಯಾಧಿಕಾರಿಯು ಲೆಕ್ಕದ ಪ್ರತಿಗಳನ್ನು ಪ್ರಾಂತ್ಯದ ಎರಡು ನಗರಗಳಲ್ಲಿಯೂ ರೋಮಿನ ಬೊಕ್ಕಸದಲ್ಲಿಯೂ ಇಡಬೇಕೆಂದು ವಿಧಿಸಿತು. ಸುಲಿಗೆಗೊಳಗಾದವನ ಊರಿನಲ್ಲೇ ಲೆಕ್ಕದ ಪ್ರತಿ ಇರಬೇಕೆಂಬುದು ಆ ಕಾನೂನಿನ ಶ್ರೇಷ್ಠ ಅಂಶ.

ಇದೇ ಪ್ರಶ್ನೆಗೆ ನಮ್ಮ ನೆರೆಯ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರು ಇನ್ನೂ ಕಠಿಣವಾದ ಉತ್ತರ ಕೊಟ್ಟಿತು. ಚೋಳ ಒಂದನೆಯ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳು ಅಲ್ಲಿನ ವೈಕುಂಠ ಪೆರುಮಾಳ್ ಗುಡಿಯ ಗೋಡೆಯಲ್ಲಿವೆ. ಊರಿನ 30 ಕೇರಿಗಳಿಂದ ಹೆಸರುಗಳನ್ನು ಓಲೆಗರಿಯಲ್ಲಿ ಬರೆದು ಕೊಡದಲ್ಲಿ ಹಾಕಿ, ಚಿಕ್ಕ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಓಲೆಯನ್ನು ಕೊಡದೊಳಗೆ ಹಾಕುವಂತಿರಲಿಲ್ಲ. ಅವನ ಹತ್ತಿರದ ಬಂಧುಗಳಿಗೂ ಅದೇ ನಿಷೇಧ. ಕರಣಿಕನು ತಾನು ಬರೆದ ಲೆಕ್ಕವನ್ನು ತಾನೇ ಒಪ್ಪಿಸಬೇಕು, ಅದನ್ನು ಮುಗಿಸಲು ಬೇರೊಬ್ಬನನ್ನು ತರಕೂಡದು. ಇದು ಭೂಮಿಯುಳ್ಳ ಬ್ರಾಹ್ಮಣ ಪುರುಷರ ಸಭೆಯಾಗಿತ್ತೆಂಬುದನ್ನು ಮರೆತು ಪ್ರಜಾಪ್ರಭುತ್ವವೆಂದು ಹೊಗಳುವುದು ಸಲ್ಲದು. ಲೆಕ್ಕದ ನಿಯಮವನ್ನು ಮೆಚ್ಚಲು ಅದು ಅಡ್ಡಿಯಲ್ಲ.

ಇಂದಿನ ಸ್ಥಿತಿ ನೋಡೋಣ. ಪುರಸಭೆಯಾಗಿದ್ದ ಮಾಧವರಂ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. 2016ರ ಅಕ್ಟೋಬರಿನಿಂದ 2022ರ ಫೆಬ್ರವರಿ ಚುನಾವಣೆಯವರೆಗೆ ಪಾಲಿಕೆಗೆ ಚುನಾಯಿತ ಸಭೆಯೇ ಇರಲಿಲ್ಲ. ನೇಮಕಗೊಂಡ ಅಧಿಕಾರಿಗಳೇ ಆಳಿದರು. ಐದು ವರ್ಷಕ್ಕೂ ಮೀರಿ ಈ ನಗರ ರೋಮಿನ ಪ್ರಾಂತ್ಯದಂತಿತ್ತೆಂದರೆ ಅತಿಶಯೋಕ್ತಿ ಸ್ವಲ್ಪವೇ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಚುನಾವಣಾ ವೆಚ್ಚದ ಲೆಕ್ಕ ಸಲ್ಲಿಸದ ಅಭ್ಯರ್ಥಿಯನ್ನು ಮೂರು ವರ್ಷ ಅನರ್ಹಗೊಳಿಸಬಹುದು. ಗೆಲ್ಲಲು ಮಾಡಿದ ಖರ್ಚಿಗೆ ಈ ಕಟ್ಟುನಿಟ್ಟು ಸರಿ. ಗೆದ್ದ ಮೇಲೆ ಬಳಸಿದ ಸಾರ್ವಜನಿಕ ಹಣದ ಲೆಕ್ಕವನ್ನು ಮತದಾರರ ಮುಂದಿಡದವನು ಮರಳಿ ಸ್ಪರ್ಧಿಸಬಾರದೆಂಬ ನಿಯಮ ಆ ಕಾಯಿದೆಯಲ್ಲಿಲ್ಲ.

ಸರ್ಕಾರವನ್ನು ಕೇಳುವ ಮುನ್ನ ಸಮಾಜವು ತನ್ನ ಟ್ರಸ್ಟುಗಳನ್ನು ಕೇಳಬಹುದು. ಜಮಾ-ಖರ್ಚು ತಾಳೆಯಾದ ಒಂದು ಹಾಳೆಯನ್ನು ಓದಿ ಚಪ್ಪಾಳೆ ಪಡೆಯುವುದು ವೆರ್ರೆಸ್‌ನ ಮಾದರಿ. ಮಹಾಸಭೆಯ ಕಾರ್ಯಸೂಚಿಯಲ್ಲಿ ಲೆಕ್ಕಪತ್ರದ ವಿಷಯ ಪದಾಧಿಕಾರಿಗಳ ಆಯ್ಕೆಗಿಂತ ಮೊದಲು ಬರಲಿ. ನಿರ್ಗಮಿಸುವ ಕೋಶಾಧಿಕಾರಿಯೇ ರಸೀತಿ, ವೋಚರುಗಳೊಂದಿಗೆ ಎದ್ದು ನಿಂತು ಉತ್ತರಿಸಲಿ. ಉತ್ತರ ಸದಸ್ಯರಿಗೆ ಒಪ್ಪಿಗೆಯಾದ ಬಳಿಕ ಹೊಸ ಹೆಸರುಗಳನ್ನು ಕರೆಯಲಿ.