ಉಸಿರಿನ ಹಂಚಿಕೆ: ಸಾಂಕ್ರಾಮಿಕ ಕಾಲದ ಅಧಿಕಾರ ಮತ್ತು ಹೊಣೆ

ಸಾಂಕ್ರಾಮಿಕದ ಕಾಲದಲ್ಲಿ ವ್ಯಾಪಾರ, ರಕ್ಷಣೆ, ಸರ್ಕಾರದ ಅಧಿಕಾರ ಇವು ಮೂರರ ಬಗ್ಗೆಯೂ ಮಾತಾಡಿ ಎಂದಿದ್ದಾರೆ ಸಂಘದವರು. ಮೂರನ್ನೂ ಬಿಡಿಬಿಡಿಯಾಗಿ ಹೇಳಹೊರಟರೆ ನೀವೂ ಆಕಳಿಸುತ್ತೀರಿ, ನಾನೂ ದಾರಿ ತಪ್ಪುತ್ತೇನೆ. ಹಾಗಾಗಿ ಆಮ್ಲಜನಕ ಎಂಬ ಒಂದೇ ವಸ್ತುವನ್ನು ಹಿಡಿದುಕೊಳ್ಳುತ್ತೇನೆ. ಉಳಿದವೆಲ್ಲ ಅದರ ಬೆನ್ನಿಗೇ ಬರುತ್ತವೆ.

ಕೋವಿಡ್ ಎರಡನೆಯ ಅಲೆಯ ನಡುವಿನ 2021ರ ಮೇ 5ನ್ನು ನೆನಪಿಸಿಕೊಳ್ಳಿ. ಅಂದು ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ತಲ್ವಾರ್ ಬಹ್ರೇನಿನಿಂದ ದ್ರವ ಆಮ್ಲಜನಕ ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಅದೇ ದಿನ ಬೆಂಗಳೂರಿನಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಅರವಿಂದ ಕುಮಾರ್ ಅವರ ಪೀಠವು, ಕರ್ನಾಟಕಕ್ಕೆ ದಿನಕ್ಕೆ ಕೊಡುವ 965 ಟನ್ ಆಮ್ಲಜನಕವನ್ನು 1,200 ಟನ್ನಿಗೆ ಏರಿಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು. ಅದಕ್ಕೆ ಮೂರು ದಿನ ಹಿಂದೆಯಷ್ಟೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ಸಾಲು ಸಾಲು ಸಾವು. ಅಂದು ಹೊರಬಿದ್ದ ಲೆಕ್ಕ 24.

ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಬಳ್ಳಾರಿಯ ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದೆ, ಅಲ್ಲಿ ಆಮ್ಲಜನಕ ತಯಾರಾಗುತ್ತದೆ, ನಮ್ಮದನ್ನು ನಾವೇಕೆ ಇಟ್ಟುಕೊಳ್ಳಬಾರದು? ಪ್ರಶ್ನೆ ಸಹಜವೇ. ಆದರೆ ಹಾಗೆ ಎಲ್ಲ ರಾಜ್ಯಗಳೂ ಹೇಳಿದ್ದರೆ ಅಂಥ ಒಂದು ಕಾರ್ಖಾನೆಯೂ ಇಲ್ಲದ ದೆಹಲಿಯ ಗತಿಯೇನು? ಹಂಚಿಕೆ ಒಂದೇ ಕೈಯಲ್ಲಿರಬೇಕು ಎನ್ನುವ ಕೇಂದ್ರದ ವಾದದಲ್ಲಿ ಹುರುಳಿತ್ತು. ಹೈಕೋರ್ಟುಗಳೆಲ್ಲ ಹೀಗೆ ಹಂಚತೊಡಗಿದರೆ ವ್ಯವಸ್ಥೆಯೇ ಕುಸಿಯುತ್ತದೆ ಎಂದು ಸಾಲಿಸಿಟರ್ ಜನರಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಮೇ 7ರಂದು ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಂ.ಆರ್. ಶಾ ಆ ವಾದ ಕೇಳಿಯೂ ನಮ್ಮ ಹೈಕೋರ್ಟಿನ ಆದೇಶಕ್ಕೆ ಕೈಹಾಕಲಿಲ್ಲ. ಹಂಚುವ ಅಧಿಕಾರ ಕೇಂದ್ರದ್ದಿರಬಹುದು; ಯಾವ ಲೆಕ್ಕದಲ್ಲಿ ಹಂಚಿದಿರಿ ಎಂದು ಕೇಳಿದಾಗ ಉತ್ತರವಿರಬೇಕು.

ಗಡಿಯ ಹಟ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಾವು ಒಂದು ವರ್ಷ ಮೊದಲೇ ಮಾಡಿ ತೋರಿಸಿದ್ದೆವು. 2020ರ ಮಾರ್ಚಿನಲ್ಲಿ ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದವರು ನಮ್ಮವರೇ. ಕಾಯಿಲೆ ಬಿದ್ದರೆ ಮಂಗಳೂರಿನ ಆಸ್ಪತ್ರೆಗೇ ಓಡಿಬರುವ ಜನ ಅವರು. ಅವರಲ್ಲಿ ಕನ್ನಡದವರೂ ತುಳುವರೂ ಎಷ್ಟೋ ಮಂದಿ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಅದೇ ತಿಂಗಳು ನಮ್ಮ ಸರ್ಕಾರ ಹೊಸ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು. ರಾಜ್ಯದ ಗಡಿ ಮುಚ್ಚುವ ಅಧಿಕಾರ ಅದರಲ್ಲಿ ಅಚ್ಚಾಗಿಯೇ ಇತ್ತು.

ಇನ್ನು ವ್ಯಾಪಾರ. 2021ರ ಏಪ್ರಿಲಿನಲ್ಲಿ ದೊಡ್ಡ ಗಲಾಟೆ ಎದ್ದಿತು: ದೇಶ ಉಸಿರಿಲ್ಲದೆ ಒದ್ದಾಡುತ್ತಿದ್ದರೆ ಆಮ್ಲಜನಕ ರಫ್ತು ಮಾಡಿದ್ದಾರೆ ಎಂದು. ರಫ್ತಾಗಿದ್ದು ನಿಜ, ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಗಿತ್ತು. ಆದರೆ ಬಹುಪಾಲು ಕೈಗಾರಿಕೆಯ ಆಮ್ಲಜನಕ, ಅದೂ ದೇಶದ ಒಟ್ಟು ಉತ್ಪಾದನಾ ಸಾಮರ್ಥ್ಯದ ಶೇಕಡಾ ಅರ್ಧಕ್ಕಿಂತ ಕಡಿಮೆ. ಟಿವಿಯಲ್ಲಿ ಕೂಗಾಡಲು ಅಷ್ಟು ಸಾಕಿತ್ತು, ರೋಗಿಯ ಸಾವಿಗೆ ಅದು ಕಾರಣವಲ್ಲ. ನಿಜವಾದ ಕೊರತೆ ಇದ್ದದ್ದು ಟ್ಯಾಂಕರುಗಳಲ್ಲಿ. ದ್ರವ ಆಮ್ಲಜನಕವನ್ನು ಮೈನಸ್ 183 ಡಿಗ್ರಿಗೂ ಕೆಳಗಿನ ತಂಪಿನಲ್ಲಿ ಸಾಗಿಸಬೇಕು. ತಯಾರಾಗುವುದು ಹೆಚ್ಚಾಗಿ ಒಡಿಶಾ, ಜಾರ್ಖಂಡ್ ಕಡೆ, ಬೇಕಾಗಿದ್ದು ದೆಹಲಿ, ಮಹಾರಾಷ್ಟ್ರ, ಕರ್ನಾಟಕಕ್ಕೆ. ತುಂಬಿದ ಟ್ಯಾಂಕರನ್ನು ವಿಮಾನದಲ್ಲಿ ಒಯ್ಯುವುದು ಅಪಾಯ. ಆದ್ದರಿಂದ ವಾಯುಪಡೆಯ ಸಿ-17 ವಿಮಾನಗಳು ಖಾಲಿ ಟ್ಯಾಂಕರುಗಳನ್ನು ಹೊತ್ತು ಪೂರ್ವಕ್ಕೆ ಹಾರಿದವು. ತುಂಬಿದವು ರೈಲಿನಲ್ಲಿ, ರಸ್ತೆಯಲ್ಲಿ ವಾಪಸಾದವು. ಮೇ 11ರಂದು ಜಮ್‌ಶೆಡ್‌ಪುರದ ಟಾಟಾನಗರದಿಂದ 120 ಟನ್ ಹೊತ್ತ ಮೊದಲ ರೈಲು ವೈಟ್‌ಫೀಲ್ಡಿಗೆ ಬಂತು. ಚಾಮರಾಜನಗರದಲ್ಲಿ ಸಾವಾಗಿ ವಾರ ಕಳೆದಿತ್ತು.

ರಕ್ಷಣೆಯ ವಿಷಯದಲ್ಲಿ ನನಗೆ ಬಹಳ ಹಿಡಿಸುವ ಕಥೆಯೊಂದಿದೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ತೇಜಸ್ ಯುದ್ಧವಿಮಾನ ಎತ್ತರಕ್ಕೆ ಹೋದಾಗ ಪೈಲಟ್ಟಿಗೆ ಉಸಿರಾಡಲು ಆಮ್ಲಜನಕ ಬೇಕಲ್ಲ, ಅದನ್ನು ವಿಮಾನದೊಳಗೇ ತಯಾರಿಸುವ ಯಂತ್ರವನ್ನು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡಿಬೆಲ್ ರೂಪಿಸಿತ್ತು. ತತ್ವ ಸರಳ: ಒತ್ತಡದಲ್ಲಿ ಗಾಳಿಯನ್ನು ಜಿಯೊಲೈಟ್ ಎಂಬ ಖನಿಜದ ಮೇಲೆ ಹಾಯಿಸಿದರೆ ಅದು ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದೇ ತಂತ್ರ ಆಸ್ಪತ್ರೆಗೆ ಬಂತು. ನಿಮಿಷಕ್ಕೆ 1,000 ಲೀಟರ್ ಕೊಡುವ ಘಟಕ, ಸುಮಾರು 190 ರೋಗಿಗಳಿಗೆ ಸಾಕು. ಟ್ಯಾಂಕರೂ ಬೇಡ, ರೈಲೂ ಬೇಡ, ಪಕ್ಕದ ಜಿಲ್ಲೆಯ ಮುಂದೆ ಕೈ ಚಾಚುವುದೂ ಬೇಡ.

ಹಾಗಾದರೆ ಮೊದಲೇ ಏಕೆ ಹಾಕಲಿಲ್ಲ? ಇಂಥ 162 ಘಟಕಗಳಿಗೆ ಕೇಂದ್ರ 2020ರ ಅಕ್ಟೋಬರಿನಲ್ಲೇ ಟೆಂಡರು ಕರೆದಿತ್ತು, ಸುಮಾರು 201 ಕೋಟಿ ರೂಪಾಯಿಯ ಕೆಲಸ. 2021ರ ಏಪ್ರಿಲ್ ಮಧ್ಯದ ಹೊತ್ತಿಗೆ ನಿಂತದ್ದು 33. ಲಾಕ್‌ಡೌನ್ ಘೋಷಿಸಲು ನಾಲ್ಕು ಗಂಟೆಯ ಮುನ್ಸೂಚನೆ ಸಾಕೆಂದುಕೊಂಡ ಆಡಳಿತಕ್ಕೆ, ಆಸ್ಪತ್ರೆಯ ಹಿತ್ತಲಲ್ಲಿ ಯಂತ್ರ ಕೂರಿಸಲು ಆರು ತಿಂಗಳೂ ಸಾಲಲಿಲ್ಲ.

ಇದು ಬರೀ ಆಲಸ್ಯವಲ್ಲ, ಕಾನೂನಿನ ಸ್ವಭಾವವೂ ಹೌದು ಎಂಬುದು ನನ್ನ ವಾದ. ಮುಂಬಯಿಯ ಪ್ಲೇಗಿಗಾಗಿ ಬ್ರಿಟಿಷರು ತರಾತುರಿಯಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿದ್ದದ್ದು ನಾಲ್ಕೇ ಕಲಮು. ಸರ್ಕಾರ ತನಗೆ ಬೇಕೆನಿಸಿದ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಅಧಿಕಾರಿಗಳಿಗೆ ರಕ್ಷಣೆ. ರೋಗಿಗೆ ಸರ್ಕಾರ ಏನು ಕೊಡಬೇಕು ಎಂಬ ಒಂದು ಸಾಲೂ ಅಲ್ಲಿಲ್ಲ. 2020ರಲ್ಲಿ ನಾವು ಅದನ್ನು ಹೊಸದಾಗಿ ಬರೆದಾಗಲೂ ಅಧಿಕಾರದ ಪಟ್ಟಿ ಉದ್ದವಾಯಿತೇ ಹೊರತು ಹೊಣೆಯ ಪಟ್ಟಿ ಹುಟ್ಟಲಿಲ್ಲ. ಆ ಖಾಲಿ ಜಾಗವನ್ನು ಮೇ 5ರಂದು ತುಂಬಿದ್ದು ನ್ಯಾಯಾಲಯ. ದಿನಕ್ಕೆ 1,200 ಟನ್ ಎಂಬುದು ಶಾಸನಸಭೆ ಬರೆಯಬೇಕಿದ್ದ ಹೊಣೆಯ ಒಂದು ತುಣುಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರ ನಿಮಗೆ ನೆನಪಿರಬಹುದು: ಆಮ್ಲಜನಕದ ಕೊರತೆಯಿಂದ ಸಾವಾಯಿತೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಹೊಣೆಯೇ ಬರೆಯದ ಕಡೆ ಲೆಕ್ಕವಾದರೂ ಎಲ್ಲಿಂದ ಬರಬೇಕು?

ಎರಡನೆಯ ಅಲೆಯ ನಂತರ ಅನೇಕ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಘಟಕಗಳು ಬಂದಿವೆ. ಯಂತ್ರ ನಿಂತರೆ ತುಕ್ಕು ಹಿಡಿಯುತ್ತದೆ, ಜಿಯೊಲೈಟ್ ತೇವ ಕುಡಿದರೆ ಕೆಡುತ್ತದೆ. ನಿಮ್ಮ ಊರಿನದು ಓಡುತ್ತಿದೆಯೇ, ನಿರ್ವಹಣೆಯ ಗುತ್ತಿಗೆ ಯಾರದು, ಕೊನೆಯ ಸಲ ಶುದ್ಧತೆ ಪರೀಕ್ಷಿಸಿದ್ದು ಯಾವತ್ತು ಎಂದು ಕೇಳಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.