ಹೊಸ ಹೃದಯದ ನಡಿಗೆ

ಪತ್ರ ಬರೆದ ಕೇಳುಗರಲ್ಲಿ ಹೆಚ್ಚಿನವರದು ಒಂದೇ ಅಳುಕು: "ಹೃದಯ ಕಸಿಯಾಗಿ ತಿಂಗಳೂ ತುಂಬಿಲ್ಲ, ಆಗಲೇ ನಮ್ಮ ಯಜಮಾನರಿಂದ ಸೈಕಲ್ ತುಳಿಸುತ್ತಿದ್ದಾರೆ. ಹೊಲಿಗೆ ಬಿಚ್ಚಿದರೆ?"

ನಡೆದರೆ, ತುಳಿದರೆ ಬಿಚ್ಚುವ ಹೊಲಿಗೆಯಲ್ಲ ಅದು. ತಂತಿ ಬಿಗಿದ ಎದೆಮೂಳೆ ಕೂಡಲು ಆರೆಂಟು ವಾರ ಬೇಕು, ಕೆಲವರಿಗೆ ಹನ್ನೆರಡು. ಅಲ್ಲಿಯವರೆಗೆ ನೀರಿನ ಕೊಡ ಎತ್ತಬಾರದು, ಕೈಯೂರಿ ಏಳಬಾರದು. ಕಾಲಿಗೇನು ಧಾಡಿ?

ನಾನು ದಿನಾ ಓಡಾಡುವ ಮುಂಬಯಿಯ ಪರೇಲ್‌ನಲ್ಲೇ, ಕೆಇಎಂ ಆಸ್ಪತ್ರೆಯಲ್ಲಿ, 1968ರ ಫೆಬ್ರುವರಿಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ದೇಶದ ಮೊದಲ ಹೃದಯ ಕಸಿ ಮಾಡಿದರು. ಕೇಪ್‌ಟೌನ್‌ನಲ್ಲಿ ಡಾ. ಬರ್ನಾರ್ಡ್ ಜಗತ್ತಿನ ಮೊದಲ ಕಸಿ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಉಳಿದದ್ದು ಕೆಲವೇ ಗಂಟೆ. 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಅವರ ಕೈ ಗೆದ್ದಿತು. ಈಗ ಸೈಕಲ್ಲಿನ ಬಗ್ಗೆ ಹೆದರುವಷ್ಟು ದೂರ ಬಂದಿದ್ದೇವೆ.

ಮುಖ್ಯ ಮಾತಿಗೆ ಬರುತ್ತೇನೆ. ಕಸಿಯಲ್ಲಿ ರಕ್ತನಾಳ ಕೂಡಿಸುತ್ತಾರೆ, ನರ ಕೂಡಿಸಲಾಗದು. ಹೃದಯಕ್ಕೆ ಲಗಾಮು ಹಾಕುವ ವೇಗಸ್ ನರ ತುಂಡಾದ್ದರಿಂದ ಕೂತಲ್ಲೇ ನಾಡಿ 90, 100 ಇರುತ್ತದೆ. ಗಾಬರಿ ಬೇಡ. ನಾವು ಎದ್ದು ಓಡಿದರೆ ಮಿದುಳಿನ ಹುಕುಂ ತಕ್ಷಣ ಮುಟ್ಟುತ್ತದೆ. ಕಸಿಯಾದವರಲ್ಲಿ ಅಡ್ರಿನಲಿನ್ ರಕ್ತದಲ್ಲಿ ತೇಲಿಕೊಂಡು ಬರಬೇಕು. ಚಾಳ್ ಕಟ್ಟಡದ ನಳ ನೆನಪಿಸಿಕೊಳ್ಳಿ. ನೀರು ಬಿಡುವ ಚಾವಿವಾಲಾ ರಸ್ತೆಯಲ್ಲಿ ಚಾವಿ ತಿರುಗಿಸಿದ ಕೂಡಲೇ ಮೂರನೇ ಮಾಳಿಗೆಗೆ ನೀರು ಬರುತ್ತದೆಯೇ? ಅವನು ನಿಲ್ಲಿಸಿ ಹೋದ ಮೇಲೂ ಕೆಳಗಿನ ನಳ ಸುರಿಯುತ್ತಲೇ ಇರುತ್ತದಲ್ಲ? ಈ ಹೃದಯವೂ ಹಾಗೆ: ಎದ್ದ ಕೂಡಲೇ ಏರದು, ಕೂತ ಕೂಡಲೇ ಇಳಿಯದು. ಅದಕ್ಕೇ ಶುರುವಿನ ಹತ್ತು ನಿಮಿಷ ನಿಧಾನ, ಮುಗಿಸುವ ಹತ್ತು ನಿಮಿಷ ನಿಧಾನ. ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ: ದಡಕ್ಕನೆ ಶುರು ಮಾಡಬಾರದು, ದಡಕ್ಕನೆ ನಿಲ್ಲಿಸಬಾರದು.

ಕೈಗಡಿಯಾರದ ನಾಡಿ ನಂಬಿ ನಡೆಸುವವರನ್ನು ಕಂಡರೆ ನನಗೆ ಸಿಟ್ಟು. ಸಿಟ್ಟಿಗೆ ಕಾರಣ ನಾನೇ. ಕಲಿಯುವ ದಿನಗಳಲ್ಲಿ, ಗರಿಷ್ಠ ನಾಡಿಗೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಹಿಡಿದು, ಕಸಿಯಾದ ಒಬ್ಬರಿಗೆ "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಅನ್ನುತ್ತಿದ್ದೆ. ನಾಡಿ ಅಲ್ಲಾಡಲಿಲ್ಲ. ಅವರ ತುಟಿ ಬಿಳಿಚಿತು. "ಡಾಕ್ಟ್ರೇ, ನಿಮ್ಮ ಗಡಿಯಾರ ಕೆಟ್ಟಿದೆಯೋ ಏನೋ" ಅಂದರು, ಏದುಸಿರಿನ ನಡುವೆ. ಈಗ ನಡೆಸುತ್ತ ಮಾತಾಡಿಸುತ್ತೇನೆ. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಎಂದು ಲೆಕ್ಕ.

"ಎದೆನೋವಿಲ್ಲ, ಎಲ್ಲ ಸರಿಯಾಗಿದೆ" ಅನ್ನುವ ಧೈರ್ಯವೂ ಬೇಡ. ನರವೇ ಇಲ್ಲದಲ್ಲಿ ನೋವಿನ ಸುದ್ದಿ ಬಾರದೆಯೂ ಇರಬಹುದು. ಎಂದಿಲ್ಲದ ಏದುಸಿರು, ಜ್ವರ, ಕಾಲಿನ ಬಾವು, ಎರಡು ದಿನದಲ್ಲಿ ಏರಿದ ತೂಕ ಕಂಡರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ. ಕಸಿಯ ನಂತರ ಕೊಡುವ ಸ್ಟೆರಾಯ್ಡ್ ತೊಡೆಯ ಸ್ನಾಯು ತಿನ್ನುತ್ತದೆ. ಎದೆಗೆ ಕೈ ಕಟ್ಟಿ ಕುರ್ಚಿಯಿಂದ ಎದ್ದು ಕೂರುವುದು ಅದಕ್ಕೆ ಒಳ್ಳೆಯದು. ಸೋಂಕು ತಾಗದಂತೆ ಲೋಕಲ್ ರೈಲಿನ ನೂಕುನುಗ್ಗಲು ಸದ್ಯಕ್ಕೆ ಬೇಡ, ಮಾಸ್ಕ್ ಇರಲಿ.

ಮುಂಬಯಿಯ ಲಾಲ್‌ಬಾಗ್‌ನ ಚಾಳ್ ಒಂದರಲ್ಲಿ ಒಬ್ಬಾಕೆ ಕಸಿಯಾದ ಗಂಡನಿಗಾಗಿ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಸ್ಟೂಲ್ ಇಟ್ಟಿದ್ದರು. ಮೊನ್ನೆ ಹೋದಾಗ ಮೊದಲ ತಿರುವಿನ ಸ್ಟೂಲಿನ ಮೇಲೆ ಯಾರದೋ ಒದ್ದೆ ಬಟ್ಟೆಯ ಬಕೆಟ್ ಕೂತಿತ್ತು.