ಹನ್ನಳ ದುಃಖ ಮತ್ತು ನಮ್ಮ ಮನೆಗಳು

(ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಎಲ್ಲ ಮತದವರೂ ಉಂಟು. ವಿಶಾಖಪಟ್ಟಣದ ಬಂದರಿನಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ, ವಿಜಯವಾಡದ ರೈಲ್ವೆಯಲ್ಲಿ, ಅಂಗಡಿ ಹೋಟೆಲುಗಳಲ್ಲಿ ದುಡಿಯುವವರ ನಡುವೆ ಕ್ರೈಸ್ತ ಕುಟುಂಬಗಳೂ ಇವೆ. ಆ ಮನೆಗಳ ಹೆಣ್ಣುಮಕ್ಕಳ ಮನಸ್ಸಿನ ನೆಮ್ಮದಿಯನ್ನು ಕುರಿತು ಇಂದು ನಾಲ್ಕು ಮಾತು. ಇದು ಉಳಿದ ಮನೆಗಳಿಗೂ ಸಲ್ಲುವ ಮಾತೇ.

ಗಂಡಸರಾದ ನಮಗೆ ಕೆಲಸದ ಕಡೆ ಜೊತೆಗಾರರುಂಟು. ಸಂಜೆಗೆ ಈ ವಾಚನಾಲಯವುಂಟು. ಮನೆಯಾಕೆಗೆ ನೆರೆಯವರೂ ತೆಲುಗು, ಸಂತೆಯೂ ತೆಲುಗು, ಭಾನುವಾರದ ಆರಾಧನೆಯೂ ತೆಲುಗು. ಆರು ತಿಂಗಳಲ್ಲಿ ಹಾಡು ಕಲಿಯಬಹುದು. ಆದರೆ ಕಲಿತ ಭಾಷೆಯಲ್ಲಿ ದುಃಖ ಹೇಳಿಕೊಳ್ಳುವುದು ಸುಲಭವಲ್ಲ. 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದ ಲಂಡನ್ ಮಿಷನ್ನಿನವರು ತೆಲುಗಿನಲ್ಲಿ ವೇದವಾಕ್ಯಗಳನ್ನು ಬರೆಯಲು ತೊಡಗಿದರು. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡದಲ್ಲಿ ದುಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಷ್ಟು ವರ್ಷದ ಶ್ರಮ ಏತಕ್ಕೆ? ತಾಯಿನುಡಿಯ ಮಾತೇ ಹೃದಯಕ್ಕೆ ತಾಕುವುದೆಂದು ತಾನೇ? ಕೇಳುವುದಕ್ಕೆ ತಾಯಿನುಡಿ ಬೇಕಾದರೆ, ಹೇಳಿಕೊಳ್ಳುವುದಕ್ಕೂ ಅದೇ ಬೇಕು.

ವಿಶಾಖಪಟ್ಟಣದಲ್ಲಿ ಬಂದರಿನ ಬಳಿ ರಾಸ್ ಗುಡ್ಡದ ಮೇಲೆ ಮರಿಯಮ್ಮನವರ ದೇವಾಲಯವಿದೆ. ವಿಜಯವಾಡದ ಗುಣದಲದಲ್ಲಿ 1924ರಲ್ಲಿ ಮಾತೆಯ ಪ್ರತಿಮೆ ಸ್ಥಾಪಿಸಿದರು; ಪ್ರತಿವರ್ಷ ಫೆಬ್ರವರಿ 9ರಿಂದ 11ರವರೆಗೆ ಅಲ್ಲಿ ದೊಡ್ಡ ಜಾತ್ರೆ. ಮತಭೇದವಿಲ್ಲದೆ ಹೆಂಗಸರು ಗುಡ್ಡ ಹತ್ತಿ ತಮ್ಮ ಸಂಕಟವನ್ನು ಅಲ್ಲಿ ಇಳಿಸುತ್ತಾರೆ. ಒಳ್ಳೆಯದೇ. ಆದರೆ ಗುಡ್ಡ ಇಳಿದು ಮನೆಗೆ ಬಂದಾಗ ಅವರ ಮಾತು ಕೇಳುವವರು ಯಾರು?

“ನಂಬಿಕೆಯುಳ್ಳವಳು ಅಳಬಾರದು, ಸಹಿಸಬೇಕು” ಎನ್ನುವವರುಂಟು. ಬೈಬಲಿನ ಹನ್ನಳ ಕಥೆ ಹಾಗೆ ಹೇಳುವುದಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಸವತಿ ಪೆನಿನ್ನಳು ಕೆಣಕುತ್ತಿದ್ದಳು. ಗಂಡ ಎಲ್ಕಾನನಿಗೆ ಅವಳ ಮೇಲೆ ಪ್ರೀತಿಯಿತ್ತು. ಆದರೂ ಅವಳು ಅತ್ತಾಗ, ನಾನಿರುವಾಗ ನಿನಗೇನು ಕೊರತೆ ಎಂಬ ಧಾಟಿಯಲ್ಲಿ ಮಾತಾಡಿದನು. ಅವಳು ಊಟ ಬಿಟ್ಟು ಶೀಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸಿದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿದು ಗದರಿಸಿದನು. ಹನ್ನಳು ಮರ್ಯಾದೆ ಬಿಡದೆ, ಸುಮ್ಮನೂ ಇರದೆ, ತಾನು ಕುಡಿದವಳಲ್ಲ, ದುಃಖದಿಂದ ನೊಂದವಳು ಎಂದು ನೇರವಾಗಿ ಹೇಳಿದಳು. ಏಲಿ ಹಟ ಹಿಡಿಯಲಿಲ್ಲ, ಅವಳನ್ನು ಆಶೀರ್ವದಿಸಿದನು. ಆಮೇಲೆ ಅವಳು ಊಟ ಮಾಡಿದಳು, ಮುಖದ ಬಾಟ ಹೋಯಿತು. ಗಮನಿಸಬೇಕಾದದ್ದು ಇದು: ಮಗ ಸಮುವೇಲ ಹುಟ್ಟಿದ್ದು ಆಮೇಲೆ. ಮುಖ ತಿಳಿಯಾದ ಆ ದಿನ ಮನೆಯ ಸ್ಥಿತಿ ಹಿಂದಿನಂತೆಯೇ ಇತ್ತು. ಅವಳು ಹೇಳಿಕೊಂಡಿದ್ದಳು, ಒಬ್ಬರು ಕೇಳಿದ್ದರು, ಅಷ್ಟೇ.

ಇನ್ನೊಂದು ಉದಾಹರಣೆ ಪ್ರವಾದಿ ಎಲೀಯನದು. ಅವನು ಬಳಲಿ, ಸಾವು ಬರಲೆಂದು ಬೇಡಿ ಗಿಡದಡಿ ಮಲಗಿದಾಗ, ದೇವದೂತನು ನಂಬಿಕೆ ಸಾಲದೆಂದು ಬೈಯಲಿಲ್ಲ; ರೊಟ್ಟಿ, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ದೇಹ ದಣಿದವರಿಗೆ ಉಪದೇಶಕ್ಕಿಂತ ಮೊದಲು ಅನ್ನ, ನಿದ್ದೆ ಬೇಕು. ಬಾಣಂತಿಗೂ, ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಸೋದರಿಗೂ ಇದು ಅನ್ವಯಿಸುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಕ್ಷಮೆ ದೊಡ್ಡ ಗುಣ. ಆದರೆ ಹೊಡೆತ ತಿನ್ನುವುದು ಭಕ್ತಿಯಲ್ಲ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯಿದೆ ಎಲ್ಲ ಮತದ ಹೆಂಗಸರಿಗೂ ಒಂದೇ. ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕಾಯುತ್ತದೆ. ಸಹಾಯಕ್ಕೆ 181ಕ್ಕೆ ಫೋನ್ ಮಾಡಬಹುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, 14416 ಎಂಬ ಸರ್ಕಾರದ ಟೆಲಿ-ಮಾನಸ್ ಸಂಖ್ಯೆಯಿದೆ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಡಾಕ್ಟರ ಬಳಿ ಹೋದರೆ ನಂಬಿಕೆ ಕಡಿಮೆಯಾಗುವುದಿಲ್ಲ. ಜ್ವರಕ್ಕೆ ಮಾತ್ರೆ ನುಂಗುವಾಗ ಯಾರೂ ಹಾಗೆನ್ನುವುದಿಲ್ಲವಲ್ಲ!

ನಾವು ಮಾಡಬಹುದಾದದ್ದು ಹೆಚ್ಚೇನಲ್ಲ. ಗಂಡಂದಿರು ದಿನಕ್ಕೆ ಕಾಲುಗಂಟೆ ಪತ್ರಿಕೆ ಮಡಿಸಿಟ್ಟು ಹೆಂಡತಿಯ ಮಾತು ಕೇಳೋಣ. ಕೇಳುವಾಗ ತೀರ್ಪು ಕೊಡದಿರೋಣ. ಕೇಳಿದ ಗುಟ್ಟನ್ನು ಪ್ರಾರ್ಥನೆಯ ನೆಪದಲ್ಲಿ ಹತ್ತು ಜನರ ಮುಂದೆ ಇಡದಿರೋಣ. ತಿಂಗಳಿಗೊಂದು ಮಧ್ಯಾಹ್ನ ಈ ಕೋಣೆಯನ್ನು ಎಲ್ಲ ಮತದ ಹೆಂಗಸರಿಗೇ ಬಿಟ್ಟುಕೊಡೋಣ. ಅವರು ಓದಲಿ, ಕನ್ನಡದಲ್ಲಿ ಮನಸಾರೆ ಮಾತಾಡಲಿ. ಮಕ್ಕಳನ್ನು ಆ ಹೊತ್ತು ನಾವು ನೋಡಿಕೊಳ್ಳೋಣ. ಈ ಸಲಹೆಯನ್ನು ಕಾರ್ಯಕಾರಿ ಸಮಿತಿಯವರು ಪರಿಶೀಲಿಸಬೇಕೆಂದು ಕೋರಿ ಮುಗಿಸುತ್ತೇವೆ.